ಅತ್ತೆಯ ಎಡೆಗೆ ದಿಲ್‌ಪಸಂದ್

ಸುದ್ದಗುಂಟೆಪಾಳ್ಯದ ಆ ಓಣಿಯಲ್ಲಿ ಯಾರನ್ನು ಕೇಳಿದರೂ ಕುಚ್ಚಿನ ನಾರಾಯಣಮ್ಮನ ಮನೆ ತೋರಿಸುತ್ತಾರೆ. ಕೆಳಗೆ ಮೊಬೈಲ್ ರಿಪೇರಿ ಅಂಗಡಿ, ಅದರ ಪಕ್ಕದ ಇಕ್ಕಟ್ಟಾದ ಮೆಟ್ಟಿಲು ಹತ್ತಿದರೆ ಎರಡು ಕೋಣೆಯ ಮನೆ. ಬೀದಿ ಕಡೆಗೆ ಒಂದೇ ಕಿಟಕಿ. ಅದರ ಸರಳಿಗೆ ಯಾವಾಗ ನೋಡಿದರೂ ಯಾರದೋ ರೇಷ್ಮೆ ಸೀರೆಯ ಸೆರಗು ಕಟ್ಟಿರುತ್ತದೆ. ಮುಂದೆ ಚಾಪೆಯ ಮೇಲೆ ನಾರಾಯಣಮ್ಮ ಕೂತು, ಸೆರಗಿನ ತುದಿಯ ಎಳೆಗಳನ್ನು ಬಿಡಿಸಿ, ಹೊಸೆದು, ಗಂಟು ಹಾಕಿ, ಮಣಿ ಪೋಣಿಸುತ್ತಿರುತ್ತಾಳೆ. ಜಯನಗರ ನಾಲ್ಕನೇ ಬ್ಲಾಕಿನ ಸೀರೆ ಅಂಗಡಿಯವರು ಮದುವೆ ಸೀರೆ ಬಂದರೆ ಬೇರೆಯವರ ಕೈಗೆ ಕೊಡುವುದಿಲ್ಲ. ಎಷ್ಟೋ ಮದುವೆ ಹೆಣ್ಣುಗಳ ಸೆರಗು ಅವಳ ಕಿಟಕಿಯಲ್ಲಿ ತೂಗಾಡಿ ಹೋಗಿದೆ.

ಕೈ ಕೆಲಸ ಮಾಡುತ್ತಿರುವಾಗ ಮನಸ್ಸು ಸುಮ್ಮನೆ ಕೂರುವುದಿಲ್ಲವಲ್ಲ. ನಾರಾಯಣಮ್ಮನ ಮನಸ್ಸು ಹೆಚ್ಚಾಗಿ ಹೋಗುತ್ತಿದ್ದದ್ದು ಉತ್ತರಹಳ್ಳಿಗೆ, ಅತ್ತೆ ಲಕ್ಷ್ಮಮ್ಮನ ಹತ್ತಿರಕ್ಕೆ.

ಅವಳು ಮದುವೆಯಾಗಿ ಹೋದಾಗ ಉತ್ತರಹಳ್ಳಿಯಲ್ಲಿ ಇನ್ನೂ ಹೊಲ ಇತ್ತು. ಹಿತ್ತಿಲ ಬಾಗಿಲು ತೆಗೆದರೆ ರಾಗಿ ಪೈರಿನ ಮೇಲಿನ ಗಾಳಿ ನೇರ ಅಡುಗೆ ಮನೆಗೆ ನುಗ್ಗುತ್ತಿತ್ತು. ಸಂಜೆ ಬಸ್ಸಿನಿಂದ ಇಳಿದವರು ಯಾರ ಮನೆಯವರು ಎಂದು ನಡಿಗೆಯಲ್ಲೇ ಗೊತ್ತಾಗುತ್ತಿತ್ತು. ಗಂಡ ಶಿವರಾಮ್ ಶಾಮಿಯಾನ, ಕುರ್ಚಿ, ಅಡುಗೆ ಪಾತ್ರೆ ಬಾಡಿಗೆಗೆ ಕೊಡುವ ಅಂಗಡಿ ಇಟ್ಟಿದ್ದ. ಮದುವೆ ಮನೆಯಿಂದ ವಾಪಸು ಬಂದ ಕೊಳದಪ್ಪಲೆಯ ತಳದಲ್ಲಿ ಅಂಟಿದ ಕೇಸರಿಬಾತು ಕೆರೆದು ಹೆಂಡತಿಗೆ ತಂದುಕೊಟ್ಟು ನಗಿಸುತ್ತಿದ್ದ. ಒಳ್ಳೆಯ ಕಾಲ ಅದು. ಇಲ್ಲವೆಂದರೆ ಸುಳ್ಳಾಗುತ್ತದೆ.

ಲಕ್ಷ್ಮಮ್ಮನಿಗೆ ಚಿಕ್ಕ ವಯಸ್ಸಿಗೇ ಗಂಡ ಹೋಗಿದ್ದ. ದೊಡ್ಡವನು ಚಿಕ್ಕಬೈರಪ್ಪ, ಕಿರಿಯವನು ಶಿವರಾಮ್, ಇಬ್ಬರು ಗಂಡುಮಕ್ಕಳು. ಸರ್ಕಾರದಿಂದ ಚೂರು ವಿಧವಾ ವೇತನ ಬರುತ್ತಿತ್ತು. ಅದು ಬರುತ್ತದೆಂದು ಅವಳೇನೂ ಕಾಲು ಚಾಚಿ ಕೂರಲಿಲ್ಲ. ಬೆಳಗ್ಗೆ ದಂಟು, ಸಬ್ಬಸಿಗೆ, ಹೊನಗೊನ್ನೆ ಕಿತ್ತು ಬುಟ್ಟಿಗೆ ತುಂಬಿ ಮೊದಲ ಬಸ್ಸಿಗೆ ಜಯನಗರಕ್ಕೆ ಹೋಗಿ, ಮನೆಮನೆ ಬಾಗಿಲಲ್ಲಿ "ಸೊಪ್ಪೋ" ಎಂದು ಕೂಗಿ ಮಾರಿ, ಮಕ್ಕಳು ಸ್ಕೂಲಿನಿಂದ ಬರುವಷ್ಟರಲ್ಲಿ ಮನೆ ಸೇರುತ್ತಿದ್ದಳು.

ಮದುವೆಯಾದ ಹೊಸದರಲ್ಲಿ ಒಂದು ದಿನ ಬಳೆ ಕೊಡಿಸುವ ನೆಪ ಮಾಡಿ ಸೊಸೆಯನ್ನು ನಾಲ್ಕನೇ ಬ್ಲಾಕಿಗೆ ಕರೆದುಕೊಂಡು ಹೋದಳು. ಬಳೆ ಕೊಂಡದ್ದಾಯಿತು. ಆಮೇಲೆ ಒಂದು ಅಯ್ಯಂಗಾರ್ ಬೇಕರಿ ಮುಂದೆ ನಿಂತು, ಸೆರಗಿನ ಗಂಟು ಬಿಚ್ಚಿ, ಎರಡು ದಿಲ್‌ಪಸಂದ್ ತೆಗೆದುಕೊಂಡಳು. ಪಕ್ಕದ ಅಂಗಡಿಯ ಕಲ್ಲಿನ ಮೆಟ್ಟಿಲ ಮೇಲೆ ಕೂತು, ಕಾಗದ ಬಿಡಿಸಿ, ಒಳಗಿನ ಸಿಹಿ ಕೊಬ್ಬರಿ ಉದುರದ ಹಾಗೆ ಅಂಗೈ ಒಡ್ಡಿಕೊಂಡು ತಿಂದಳು.

"ಈ ಮೆಟ್ಲು ನಂದು ಕಣಮ್ಮಿ," ಅಂದಳು. "ಬುಟ್ಟಿ ಖಾಲಿ ಆದ್ ದಿನ ಇಲ್ ಕೂತ್ಕೊಂಡು ಒಂದು ತಿಂದು ಬಸ್ ಹತ್ತೋಳು. ಹೈಕ್ಳಿಗೆ ಗೊತ್ತಿಲ್ಲ."

"ಮನೆಗೆ ತಗೊಂಡೋಗ್ತಿರ್ಲಿಲ್ವಾ ಅತ್ತೆ?"

"ಅವ್ರಿಗೆ ಬನ್ನು ತಗೊಂಡೋಗ್ತಿದ್ದೆ. ಇದು ನಂಗೆ." ಬಾಯಿ ಒರೆಸಿಕೊಂಡು ಸೊಸೆಯ ತೊಡೆಗೆ ಮೆಲ್ಲಗೆ ಚಿವುಟಿದಳು. "ಯಾರ್ಗಾರ ಹೇಳ್ದೆ ಅಂದ್ರೆ ನೋಡು ಮತ್ತೆ."

ನಾರಾಯಣಮ್ಮ ಯಾರಿಗೂ ಹೇಳಲಿಲ್ಲ.

ಹೊಲ ಹೋಗಿ ಸೈಟಾಯಿತು, ಸೈಟು ಹೋಗಿ ಬಾಡಿಗೆ ಮನೆಗಳಾದವು. ಅಣ್ಣ ತಮ್ಮಂದಿರಿಗೆ ಮಾತಿಗೆ ಮಾತು ಬೆಳೆಯಿತು. ಶಿವರಾಮ್ ಹೆಂಡತಿಯನ್ನು ಕರೆದುಕೊಂಡು ಅವಳ ತವರಾದ ಸುದ್ದಗುಂಟೆಪಾಳ್ಯಕ್ಕೆ ಬಂದ. ದೊಡ್ಡ ಮಗನ ಮಹಡಿ ಮನೆ ಬಿಟ್ಟು ಲಕ್ಷ್ಮಮ್ಮನೂ ಎಲೆ ಅಡಿಕೆ ಚೀಲ ಹಿಡಿದು ಹಿಂದೆಯೇ ಬಂದಳು. ಮೊಮ್ಮಗಳು ಸಿರಿಯನ್ನು ಕಾಲ ಮೇಲೆ ಹಾಕಿಕೊಂಡು ನೀರೆರೆದದ್ದು ಅವಳೇ. ಕುಚ್ಚಿನ ಕೆಲಸ ಹಿಡಿದಾಗ ಸಿಕ್ಕಾದ ಎಳೆ ಬಿಡಿಸಿಕೊಡುತ್ತಿದ್ದದ್ದೂ ಅವಳೇ. ಕಡೆಯ ಉಸಿರು ಬಿಟ್ಟದ್ದೂ ಆ ಕಿಟಕಿಯ ಪಕ್ಕದ ಚಾಪೆಯ ಮೇಲೆಯೇ.

ಆಮೇಲೆ ಕೊರೋನಾ ಬಂತು. ಮದುವೆಗಳೇ ಇಲ್ಲದ ಮೇಲೆ ಶಾಮಿಯಾನ ಯಾರಿಗೆ ಬೇಕು? ಅಂಗಡಿ ಮುಚ್ಚಿತು. ಅದೇ ಸಮಯಕ್ಕೆ ಚಿಕ್ಕಬೈರಪ್ಪ ತಮ್ಮನನ್ನು ಕರೆಸಿಕೊಂಡ. ಬಾಡಿಗೆ ಎತ್ತುವುದು, ನೀರಿನ ಮೋಟಾರು ನೋಡಿಕೊಳ್ಳುವುದು, ಊಟ ತಿಂಡಿ ಅಲ್ಲೇ. "ಎರಡು ದಿನ ಇದ್ದು ಬರ್ತೀನಿ ನಾಣಿ," ಎಂದು ಶಿವರಾಮ್ ಹೋದ. ಹೋದವನು ನೀನೂ ಇಲ್ಲಿಗೇ ಬಾ ಎಂದ. ಸಿರಿಯ ಸ್ಕೂಲು ಇಲ್ಲಿ, ನನ್ನ ಕೆಲಸ ಇಲ್ಲಿ, ನಿಮ್ಮಣ್ಣನ ಮನೆಯಲ್ಲಿ ಪಾತ್ರೆ ತೊಳೆಯೋಕೆ ಬರಬೇಕಾ ಎಂದು ಇವಳು ಕೇಳಿದಳು. ಆ ಮಾತು ಅವನಿಗೆ ನಾಟಿತು. ಫೋನು ಎತ್ತುವುದನ್ನು ಕಡಿಮೆ ಮಾಡಿದ. ಆಮೇಲೆ ಬಿಟ್ಟೇಬಿಟ್ಟ.

ಸಿರಿ ಹೈಸ್ಕೂಲಿಗೆ ಬಂದ ವರ್ಷ ನಾರಾಯಣಮ್ಮ ಕೋರ್ಟಿನ ಮೆಟ್ಟಿಲು ಹತ್ತಿದಳು. ಫೀಸಿಲ್ಲದೆ ಕೇಸು ನಡೆಸಿಕೊಡುವ ವಕೀಲರಿದ್ದಾರೆಂದು ಸೀರೆ ಅಂಗಡಿಯಲ್ಲಿ ಯಾರೋ ಹೇಳಿದ್ದರು. ಸಿಕ್ಕಿದವರು ಮೈತ್ರೇಯಿ ಮೇಡಂ. ಮಗಳ ಜೀವನಾಂಶಕ್ಕೆ ಅಪ್ಪ ತಿಂಗಳು ತಿಂಗಳು ಇಂತಿಷ್ಟು ಕೊಡಬೇಕೆಂದು ಆದೇಶವಾಯಿತು. ಅವನು ಒಂದಷ್ಟು ತಿಂಗಳು ಕೊಟ್ಟು ನಿಲ್ಲಿಸಿದ.

ಅಷ್ಟರಲ್ಲಿ ಗೃಹಲಕ್ಷ್ಮಿ ದುಡ್ಡು ಬರತೊಡಗಿತು, ಮನೆಯ ಯಜಮಾನಿಯ ಹೆಸರಿಗೆ ಸರ್ಕಾರ ತಿಂಗಳಿಗೆ ಹಾಕುತ್ತದಲ್ಲ, ಅದು. ನಾರಾಯಣಮ್ಮ ಮಾಡಿದ ತಪ್ಪು ಇಲ್ಲೇ. ಸರ್ಕಾರದ ದುಡ್ಡು ಮುಟ್ಟಿದೆನೆಂದು ಗೊತ್ತಾದರೆ ಮಗಳಿಗೆ ಬರಬೇಕಾದದ್ದು ಕೈ ಬಿಟ್ಟು ಹೋಗುತ್ತದೆ ಎಂದು ಹೆದರಿ, ಮೇಡಂ ಹತ್ತಿರವೂ ಬಾಯಿ ಬಿಡಲಿಲ್ಲ. ಬಾಕಿಗೆ ಅರ್ಜಿ ಹಾಕಿದ ದಿನ ಶಿವರಾಮನ ವಕೀಲರು ಎದ್ದು ನಿಂತು ಅದನ್ನೇ ಎತ್ತಿದರು. ಈಯಮ್ಮನಿಗೆ ಗೃಹಲಕ್ಷ್ಮಿ ಬರುತ್ತೆ, ರೇಷನ್ ಅಕ್ಕಿ ಬರುತ್ತೆ, ಬಸ್ಸಿಗೂ ಕಾಸು ಕೊಡೋ ಹಾಗಿಲ್ಲ, ಸಾಕೋದಕ್ಕೆ ಸರ್ಕಾರವೇ ಇರುವಾಗ ನಮ್ಮ ಕಕ್ಷಿದಾರರ ಮೇಲೆ ಯಾಕೆ ಭಾರ ಎಂದರು. ನಾರಾಯಣಮ್ಮನಿಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಎದುರಿಗೆ ನಿಂತ ಶಿವರಾಮ್ ತನ್ನ ಚಪ್ಪಲಿಯನ್ನೇ ನೋಡುತ್ತಿದ್ದ.

ಜಡ್ಜಮ್ಮ ಕನ್ನಡಕ ಕೆಳಗಿಳಿಸಿ ಅವನನ್ನೇ ಕೇಳಿದರು: "ಹುಡುಗಿಗೆ ಅಪ್ಪ ಯಾರ್ರೀ? ನೀವೋ, ಸರ್ಕಾರಾನೋ?"

ಹಿಂದೆ ಬೆಂಚಿನಲ್ಲಿ ಕೂತವರು ಕಿಸಕ್ಕೆಂದರು. "ನಾನೇ ಮೇಡಂ," ಎಂದ ಶಿವರಾಮ್.

"ಹಾಗಾದ್ರೆ ಸರ್ಕಾರ ಅದರ ಕೆಲಸ ಮಾಡ್ಲಿ, ನೀವು ನಿಮ್ಮ ಕೆಲಸ ಮಾಡಿ."

ಹೊರಗೆ ಬಂದ ಮೇಲೆ ಮೈತ್ರೇಯಿ ಮೇಡಂ ಗದರಿದರು. "ಮೊದಲೇ ನನ್ಹತ್ರ ಹೇಳೋದಲ್ವೇನಮ್ಮ? ಆ ದುಡ್ಡು ಬರೋದ್ರಿಂದ ಅಪ್ಪನ ಜವಾಬ್ದಾರಿ ಎಲ್ಲಿಗೂ ಹೋಗಲ್ಲ. ಮುಚ್ಚಿಟ್ರೆ ಮಾತ್ರ ನಿಮ್ಮ ಮೇಲೆ ಅನುಮಾನ ಬರುತ್ತೆ."

"ಬಿಟ್ಟಿ ದುಡ್ಡು ತಗೊಂಡೆ ಅಂತ ನಾಚ್ಕೆ ಆಯ್ತು ಮೇಡಂ."

"ನಾಚಿಕೆ ಪಡಬೇಕಾದವರು ಚಪ್ಪಲಿ ನೋಡ್ಕೊಂಡು ನಿಂತಿದ್ರು, ಬನ್ನಿ ಕಾಫಿ ಕುಡಿಯೋಣ."

ಆದರೂ ದುಡ್ಡು ಬರಲಿಲ್ಲ. ಹಿಡಿದು ತರಲು ವಾರಂಟು ಹೊರಟಿತು. ಪೊಲೀಸರು ಹೋದಾಗಲೆಲ್ಲ ಚಿಕ್ಕಬೈರಪ್ಪನ ಹೆಂಡತಿ ಗೇಟಿನಲ್ಲೇ ನಿಂತು "ಮನೇಲಿಲ್ಲ, ಎಲ್ಲೋದ್ರೋ ಗೊತ್ತಿಲ್ಲ" ಎನ್ನುತ್ತಿದ್ದಳು. ವಾರಂಟು ಹೋದ ಹಾಗೆಯೇ ವಾಪಸು ಬರುತ್ತಿತ್ತು. ಇತ್ತ ನಾರಾಯಣಮ್ಮನ ಕಣ್ಣು ಮಂಜಾಗಿ, ಸಣ್ಣ ರೇಷ್ಮೆಯ ಎಳೆ ಕಾಣದೆ, ಎರಡು ಮದುವೆ ಸೀರೆ ಅಂಗಡಿಗೆ ಹಿಂದಿರುಗಿದವು. ಪಿಯುಸಿ ಓದುತ್ತಿದ್ದ ಸಿರಿ ಒಂದು ರಾತ್ರಿ ಊಟಕ್ಕೆ ಕೂತಾಗ, "ಅಮ್ಮಾ, ಸೀರೆ ಅಂಗಡೀಲಿ ಹುಡುಗೀರು ಬೇಕಂತೆ. ಈ ಸಲ ಫೀಸ್ ಕಟ್ಬೇಡ," ಎಂದಳು. ಹುಳಿ ಚೆನ್ನಾಗಿದೆ ಎಂದಷ್ಟೇ ಸಲೀಸಾಗಿ ಹೇಳಿದಳು. ನಾರಾಯಣಮ್ಮನ ಕೈಯ ತುತ್ತು ಅಲ್ಲೇ ನಿಂತಿತು.

ಮಾರನೆಯ ದಿನ ಮೈತ್ರೇಯಿ ಮೇಡಂ ಕೇಳಿದರು: "ಅವರು ಇಂಥ ದಿನ ಇಂಥ ಜಾಗದಲ್ಲಿ ಇದ್ದೇ ಇರ್ತಾರೆ ಅಂತ ನಿಮಗೆ ಗೊತ್ತಾ? ಪೊಲೀಸರ ಜೊತೆ ಹೋಗಿ ನೀವೇ ತೋರಿಸಬೇಕು."

ನಾರಾಯಣಮ್ಮನಿಗೆ ಗೊತ್ತಿತ್ತು.

ಪಕ್ಷದ ಹಬ್ಬ. ಗೌರಿ ಗಣೇಶ ಕಳೆದ ಮೇಲೆ, ಮಾರ್ನವಮಿಗೆ ಮೊದಲು, ಸತ್ತ ಹಿರಿಯರಿಗೆ ಎಡೆ ಇಡುವ ದಿನಗಳು. ಚಿಕ್ಕಬೈರಪ್ಪನ ಮನೆಯಲ್ಲಿ ಅಮಾವಾಸ್ಯೆಗೆ ಮುಂಚಿನ ಬುಧವಾರ ಮಾಡುವುದು ವಾಡಿಕೆ. ಅಪ್ಪನ ಎಡೆ ಹಿರಿಯ ಮಗ ಇಡಬೇಕು, ಅವ್ವನ ಎಡೆ ಕಿರಿಯ ಮಗ. ಸತ್ತವರಿಗೆ ಇಷ್ಟವಾದದ್ದನ್ನೆಲ್ಲ ಎಲೆಗೆ ಬಡಿಸಿ, ಹೊಸ ಬಟ್ಟೆ ಇಟ್ಟು, ಧೂಪ ಹಾಕಿ, ಮನೆಯವರೆಲ್ಲ ಹೊರಗೆ ಬಂದು ಬಾಗಿಲು ಮುಚ್ಚಬೇಕು. ಒಳಗೆ ಹಿರಿಯರು ಬಂದು ಉಣ್ಣುತ್ತಾರೆ. ಅವರು ಉಂಡು ಮುಗಿಸುವವರೆಗೆ ಎಡೆ ಇಟ್ಟವನು ಬಾಗಿಲ ಮುಂದಿನಿಂದ ಕದಲುವ ಹಾಗಿಲ್ಲ. ಆಮೇಲೆ ಅವನೇ ಬಾಗಿಲು ತಟ್ಟಿ, ಕರೆದು, ತೆಗೆಯಬೇಕು.

ಎಲ್ಲಿ ಅಡಗಿದ್ದರೂ ಶಿವರಾಮ್ ಅವತ್ತು ಬೀದಿಗೆ ಕಾಣುವ ಹಾಗೆ ಬಾಗಿಲ ಮುಂದೆ ನಿಂತಿರುತ್ತಾನೆ. ಪೊಲೀಸರನ್ನು ಕರೆದೊಯ್ದರೆ ಸಿಕ್ಕೇ ಸಿಗುತ್ತಾನೆ. ಆದರೆ ಯಾವಾಗ? ಅವನ ಅವ್ವ ಒಳಗೆ ಉಣ್ಣುವಾಗ. ಕಾಲ ಮೇಲೆ ಹಾಕಿಕೊಂಡು ಸಿರಿಗೆ ನೀರೆರೆದ ಲಕ್ಷ್ಮಮ್ಮ ಉಣ್ಣುವಾಗ. ಈ ಬುಧವಾರ ಬಿಟ್ಟರೆ ಮುಂದಿನ ವರ್ಷದ ಪಕ್ಷಕ್ಕೇ. ಅಷ್ಟರಲ್ಲಿ ಸಿರಿ ಅಂಗಡಿಯಲ್ಲಿ ಸೀರೆ ಮಡಿಸುತ್ತಿರುತ್ತಾಳೆ. ಆ ವಾರವೆಲ್ಲ ನಾರಾಯಣಮ್ಮ ಹಾಕಿದ ಗಂಟೇ ಬಿಚ್ಚಿ ಮತ್ತೆ ಹಾಕಿದಳು.

ಬುಧವಾರ ಬೆಳಗ್ಗೆ ಸಿರಿಯನ್ನು ಕಾಲೇಜಿಗೆ ಕಳಿಸಿ, ಸ್ನಾನ ಮಾಡಿ, ಅತ್ತೆ ಉಡುತ್ತಿದ್ದ ಗಿಣಿ ಹಸಿರಿನ ಸೀರೆ ಉಟ್ಟುಕೊಂಡಳು. ದಾರಿಯಲ್ಲಿ ನಾಲ್ಕನೇ ಬ್ಲಾಕಿನಲ್ಲಿ ಇಳಿದು ಬೇಕರಿಗೆ ಹೋಗಿ ಒಂದು ದಿಲ್‌ಪಸಂದ್ ಕಟ್ಟಿಸಿಕೊಂಡಳು. ಯಾಕೆಂದು ಕೇಳಿದ್ದರೆ ಹೇಳಲು ಅವಳಿಗೇ ಬರುತ್ತಿರಲಿಲ್ಲ. ಪಕ್ಷದ ದಿನ ಬರಿಗೈಯಲ್ಲಿ ಆ ಬೀದಿಗೆ ಕಾಲಿಡಲು ಮನಸ್ಸು ಬರಲಿಲ್ಲ, ಅಷ್ಟೇ.

ಚಿಕ್ಕಬೈರಪ್ಪನ ಮನೆಯ ಎದುರಿಗೆ ಟೀ ಅಂಗಡಿ. ಅಲ್ಲಿ ವಾರಂಟು ಹಿಡಿದು ಹೆಡ್ ಕಾನ್‌ಸ್ಟೇಬಲ್ ಕಾಯುತ್ತಿದ್ದರು. ನರೆತ ಮೀಸೆಯ, ರಿಟೈರ್ ಆಗಲು ಹತ್ತಿರವಿದ್ದವರು. "ಬನ್ನಿ ಅಮ್ಮ, ಇವತ್ತಾದ್ರೂ ಸಿಕ್ತಾನಾ ನಿಮ್ ಯಜಮಾನ?" ಎಂದು ಬೆಂಚಿನಲ್ಲಿ ಜಾಗ ಬಿಟ್ಟರು.

ಸ್ವಲ್ಪ ಹೊತ್ತಿಗೆ ಎದುರುಮನೆಯಿಂದ ಸಾಂಬ್ರಾಣಿ ಹೊಗೆ ಬಂತು. ಬಾಗಿಲು ತೆರೆದು ಒಬ್ಬೊಬ್ಬರೇ ಹೊರಗೆ ಬಂದರು. ಕಡೆಯಲ್ಲಿ ಒದ್ದೆ ತಲೆಯ ಶಿವರಾಮ್ ಬಂದು ಬಾಗಿಲು ಎಳೆದುಕೊಂಡು ಅದಕ್ಕೇ ಮುಖ ಮಾಡಿ ಕೈ ಮುಗಿದು ನಿಂತ. ಬೆನ್ನು ಬಾಗಿತ್ತು. ಹಿಂದಿನಿಂದ ನೋಡಿದರೆ ಥೇಟ್ ಲಕ್ಷ್ಮಮ್ಮ ಬುಟ್ಟಿ ಹೊರಲು ಬಗ್ಗಿದ ಹಾಗೆ.

"ಅವ್ನೇನಾ?" ಹೆಡ್ ಕಾನ್‌ಸ್ಟೇಬಲ್ ಗ್ಲಾಸು ಕೆಳಗಿಟ್ಟರು.

ನಾರಾಯಣಮ್ಮ ಪೊಟ್ಟಣವನ್ನು ಮಡಿಲಿಗೆ ಎಳೆದುಕೊಂಡಳು. ಸಿರಿಯ ಮುಖ ಕಣ್ಣ ಮುಂದೆ ಬಂತು. "ಅವ್ರೇ ಸಾರ್," ಅಂದಳು. ಅವರು ಎದ್ದದ್ದು ನೋಡಿ ತೋಳೇ ಹಿಡಿದುಕೊಂಡಳು. "ಒಂಚೂರು ತಡೀರಿ. ನಮ್ಮತ್ತೆ ಊಟಕ್ಕೆ ಕೂತವ್ರೆ."

"ಯಾವತ್ತೆ? ನಿಮ್ಮತ್ತೆ ತೀರ್ಕೊಂಡ್ರು ಅಂದ್ರಲ್ಲ?"

"ಹೂ ಸಾರ್. ಅದಕ್ಕೇ."

ಅವರು ಮುಚ್ಚಿದ ಬಾಗಿಲು ನೋಡಿದರು, ಅವಳನ್ನು ನೋಡಿದರು, ಟೋಪಿ ತೆಗೆದು ತೊಡೆಯ ಮೇಲಿಟ್ಟುಕೊಂಡು ಮತ್ತೆ ಕೂತರು. "ನಮ್ಮನೇಲೂ ಶುಕ್ರವಾರ ಐತೆ. ಆಗ್ಲಿ, ಉಣ್ಲಿ. ಓಡ್ಹೋದ್ರೆ ನೀವೇ ಜವಾಬ್ದಾರಿ."

ನಾರಾಯಣಮ್ಮ ರಸ್ತೆ ದಾಟಿದಳು. ಮೊದಲು ಕಂಡದ್ದು ಚಿಕ್ಕಬೈರಪ್ಪನಿಗೆ. ಎದುರಿನ ಖಾಕಿಯೂ ಕಂಡಿತು. "ಓಹೋಹೋ," ಎಂದು ಬೀದಿಗೆಲ್ಲ ಕೇಳುವ ಹಾಗೆ ಶುರು ಮಾಡಿದ. "ಸರ್ಕಾರದ ದುಡ್ಡು ಸಾಲ್ದು ಅಂತ ಪೊಲೀಸ್ನೂ ಕಟ್ಕೊಂಡ್ ಬಂದ್ಯಾ? ಪಕ್ಷದ್ ದಿನ? ಮನೆ ಸೊಸೆ ಮಾಡೋ ಕೆಲ್ಸವೇನೇ ಇದು?"

ಮೇಲಿನ ಅಂತಸ್ತುಗಳ ಬಾಡಿಗೆಯವರು ಬಾಲ್ಕನಿಗೆ ಬಂದು ಬಗ್ಗಿದರು. ಶಿವರಾಮ್ ತಿರುಗಿ ನೋಡಿದ. ಪಕ್ಕದಲ್ಲೇ ಹಿತ್ತಿಲಿಗೆ ಹೋಗುವ ಸಂದಿ ಇತ್ತು. ಅವನ ಕಣ್ಣು ಒಮ್ಮೆ ಅತ್ತ ಹೋಗಿ ಬಂತು. ಕಾಲು ಹೋಗಲಿಲ್ಲ. ಅವ್ವ ಒಳಗಿದ್ದಳಲ್ಲ.

"ಭಾವ, ಮೆಲ್ಲಗೆ ಮಾತಾಡಿ, ಉಣ್ಣೋರ್ಗೆ ನೆತ್ತಿಗೇರುತ್ತೆ," ಎಂದಳು ನಾರಾಯಣಮ್ಮ. ಆಮೇಲೆ ಗಂಡನ ಕಡೆ ತಿರುಗಿದಳು. ಏನೇನೋ ಹೇಳಬೇಕೆಂದುಕೊಂಡು ಬಂದಿದ್ದಳು. ಬಾಯಿಗೆ ಬಂದದ್ದು ಬೇರೆ. "ಅತ್ತೆಗೆ ಏನೇನ್ ಇಟ್ರಿ ಎಲೆಗೆ?"

ಅವನು ತಬ್ಬಿಬ್ಬಾದ. "ಕಜ್ಜಾಯ... ವಡೆ... ಮುದ್ದೆ, ಮಟನ್ ಸಾರು. ಎಲೆ ಅಡಿಕೆ."

"ದಿಲ್‌ಪಸಂದ್?"

"ಅದ್ಯಾಕೆ? ಅವ್ವ ಅದನ್ನೆಲ್ಲ ಎಲ್ಲಿ ತಿಂತಿದ್ಲು?"

ನಾರಾಯಣಮ್ಮ ಹೇಳಿದಳು. ಸೆರಗಿನ ಗಂಟು, ಕಲ್ಲಿನ ಮೆಟ್ಟಿಲು, ಕೊಬ್ಬರಿ ಉದುರದ ಹಾಗೆ ಒಡ್ಡಿದ ಅಂಗೈ, ಮಕ್ಕಳಿಗೆ ಬನ್ನು. ಅತ್ತೆ ಯಾರಿಗೂ ಹೇಳಬೇಡ ಎಂದದ್ದನ್ನೂ ಹೇಳಿದಳು. ಆ ಬನ್ನು ಚಿಕ್ಕಬೈರಪ್ಪನಿಗೂ ನೆನಪಿತ್ತು.

"ಅತ್ತೆಗೂ ಸರ್ಕಾರದ ದುಡ್ಡು ಬರ್ತಿತ್ತು," ಎಂದಳು ನಾರಾಯಣಮ್ಮ, ದನಿ ಏರಿಸದೆ. "ವಿಧವಾ ವೇತನ. ಅದು ಬರುತ್ತೆ, ಹೈಕ್ಳನ್ನ ಸರ್ಕಾರ ಸಾಕ್ಲಿ ಅಂತ ಬುಟ್ಟಿ ಇಳಿಸಿದ್ರಾ? ನೀವು ಕೋರ್ಟಲ್ಲಿ ನನ್ ಮಾನ ಕಳೆದ್ರಿ, ಹೋಗ್ಲಿ. ಸಿರಿ ಕಾಲೇಜ್ ಬಿಡ್ತೀನಿ ಅಂತಾವ್ಳೆ."

ಶಿವರಾಮ್ ಅವಳ ಕೈಯ ಪೊಟ್ಟಣ ನೋಡಿ, "ನಂಗ್ಯಾಕೆ ಗೊತ್ತಿಲ್ಲ ಇದು?" ಎಂದ.

"ನೀವು ಕೇಳ್ಲಿಲ್ಲ."

ಅವನು ಬಾಗಿಲು ತಟ್ಟಿದ. "ಅವ್ವಾ, ಉಂಡ್ಯಾ?" ಎಂದು ಕರೆದ. ಬಾಗಿಲು ತೆಗೆದು ಪಕ್ಕಕ್ಕೆ ಸರಿದು ನಿಂತ. ಹೆಂಡತಿಗೆ ಒಳಗೆ ಬಾ ಎನ್ನಲಿಲ್ಲ, ಬೇಡ ಎಂದೂ ಅನ್ನಲಿಲ್ಲ. ನಾರಾಯಣಮ್ಮ ಚಪ್ಪಲಿ ಬಿಟ್ಟು ಒಳಗೆ ಹೋದಳು. ಬಾಳೆ ಎಲೆಯ ಪಕ್ಕದಲ್ಲಿ ಹೊಸ ಸೀರೆ ಇಟ್ಟಿದ್ದರು. ಅದರ ಸೆರಗು ಬೋಳಾಗಿತ್ತು. ಕುಚ್ಚಿಲ್ಲ. ಕಾಗದ ಬಿಡಿಸಿ ದಿಲ್‌ಪಸಂದನ್ನು ಕಜ್ಜಾಯದ ಪಕ್ಕ ಇಟ್ಟು ಹೊರಗೆ ಬಂದಳು.

"ಒಂದ್ಸಲ ತೆಗೆದ್ ಬಾಗ್ಲು ಮತ್ತೆ ಮುಚ್ಚೋ ಹಾಗಿಲ್ಲ ಕಣೋ," ಎಂದ ಚಿಕ್ಕಬೈರಪ್ಪ. ಈಗ ಗದರುವ ದನಿ ಇರಲಿಲ್ಲ.

"ಅವ್ವಂಗೆ ಒಬ್ಳೇ ಕೂತು ತಿಂದೇ ಅಭ್ಯಾಸ ಅಣ್ಣ," ಎಂದ ಶಿವರಾಮ್. ಬಾಗಿಲನ್ನು ಮತ್ತೆ ಎಳೆದುಕೊಂಡ.

ಗಂಡ ಹೆಂಡತಿ ಮುಚ್ಚಿದ ಬಾಗಿಲ ಮುಂದೆ ನಿಂತರು, ನಡುವೆ ಒಂದು ಮಾರು ಜಾಗ ಬಿಟ್ಟು. ಒಳಗಿನಿಂದ ಸಾಂಬ್ರಾಣಿ ವಾಸನೆ ಬರುತ್ತಿತ್ತು. ಕೇಸರಿಬಾತಿನ ಕೊಳದಪ್ಪಲೆ ಅವನಿಗೆ ನೆನಪಿದೆಯೋ ಇಲ್ಲವೋ ಎಂದು ನಾರಾಯಣಮ್ಮನಿಗೆ ಅನ್ನಿಸಿತು. ಕೇಳಲಿಲ್ಲ. ಅದನ್ನು ಕೇಳಿ ಪಡೆಯುವುದು ಏನೂ ಉಳಿದಿರಲಿಲ್ಲ.

ಎರಡನೇ ಸಲ ಬಾಗಿಲು ತೆಗೆದು, ಎಡೆಗೆ ಕೈ ಮುಗಿದು, ಶಿವರಾಮ್ ತಾನೇ ರಸ್ತೆ ದಾಟಿದ. "ನಡೀರಿ ಸಾರ್."

"ಊಟ ಮಾಡ್ಕೊಂಡ್ ಬಾರಪ್ಪ," ಎಂದರು ಹೆಡ್ ಕಾನ್‌ಸ್ಟೇಬಲ್. "ಎಡೆ ಇಟ್ಟೋನು ಉಪವಾಸ ಬಂದ್ರೆ ಪಾಪ ನಂಗ್ ಸುತ್ಕೊಳುತ್ತೆ."

ಮಾರನೆಯ ದಿನ ಕೋರ್ಟಿಗೆ ಹಾಜರುಪಡಿಸಿದಾಗ ಹಿಂದೆಯೇ ಚಿಕ್ಕಬೈರಪ್ಪನೂ ಬಂದ. ಬಾಕಿಯಲ್ಲಿ ಅರ್ಧ ಅಲ್ಲೇ ಕಟ್ಟಿದ. ಬೀದಿಯ ಮುಂದೆ ಮಾನ ಹೋಯಿತೆಂದು ಕಟ್ಟಿದನೋ, ಬನ್ನಿನ ನೆನಪಿಗೆ ಕಟ್ಟಿದನೋ, ಅವನನ್ನೇ ಕೇಳಬೇಕು. ಮಿಕ್ಕದ್ದಕ್ಕೆ ಶಿವರಾಮ್ ಗಡುವು ಒಪ್ಪಿಕೊಂಡ. ಈಗ ತಿಂಗಳು ತಿಂಗಳು ಬರುತ್ತದೆ. ಒಂದೊಂದು ತಿಂಗಳು ತಡವಾಗಿ ಬರುತ್ತದೆ, ಮೈತ್ರೇಯಿ ಮೇಡಂ ಒಂದು ಫೋನು ಮಾಡಬೇಕಾಗುತ್ತದೆ. ಆದರೂ ಬರುತ್ತದೆ. ಅವನು ಮಾತ್ರ ಬರಲಿಲ್ಲ. ನಾರಾಯಣಮ್ಮ ಕಾದಿರಲೂ ಇಲ್ಲ. ದೀಪಾವಳಿಗೆ ಮೊದಲು ಓರಗಿತ್ತಿ ಆಟೋದಲ್ಲಿ ಬಂದು, ಎಡೆಗಿಟ್ಟಿದ್ದ ಆ ಸೀರೆಯನ್ನು ಚಾಪೆಯ ಮೇಲೆ ಹಾಕಿ, "ಕುಚ್ಚು ಹಾಕ್ಕೊಡೇ, ಬೋಳು ಬೋಳು ಕಾಣುತ್ತೆ," ಎಂದು ಹೇಳಿ ಕಾಫಿಯನ್ನೂ ಕುಡಿಯದೆ ಹೋದಳು.

ಸಿರಿಯ ಫೀಸು ಕಟ್ಟಿದ ದಿನ ತಾಯಿ ಮಗಳು ನಾಲ್ಕನೇ ಬ್ಲಾಕಿಗೆ ಹೋದರು. ಬೇಕರಿ ಇತ್ತು, ಕಲ್ಲಿನ ಮೆಟ್ಟಿಲು ಇರಲಿಲ್ಲ. ಪಕ್ಕದ ಅಂಗಡಿಯವರು ಕಿತ್ತು ಹಾಕಿ ಹೊಳೆಯುವ ಟೈಲ್ಸ್ ಹಾಕಿಸಿದ್ದರು. ಇಬ್ಬರೂ ಫುಟ್‌ಪಾತಿನ ಅಂಚಿನಲ್ಲೇ ಕೂತರು.

"ಅಜ್ಜಿ ಇಲ್ಲೇ ಕೂತ್ಕೋತಿದ್ರಾಮ್ಮಾ?"

"ಇಲ್ಲೇ ಎಲ್ಲೋ," ಎಂದಳು ನಾರಾಯಣಮ್ಮ. ಪೊಟ್ಟಣ ಬಿಡಿಸಿ, ಕೊಬ್ಬರಿ ಉದುರದ ಹಾಗೆ ಮಗಳ ಗಲ್ಲದ ಕೆಳಗೆ ಅಂಗೈ ಒಡ್ಡಿದಳು.